ಕೂಗದ ಕುಕ್ಕರ್: ಕೊಡಗಿನ ಒಂದು ಅಡುಗೆಮನೆಯ ಪ್ರಕರಣ ಅಧ್ಯಯನ

ನಡೆದದ್ದು

ಮಡಿಕೇರಿಗೆ ಹತ್ತಿರದ ಒಂದು ಕಾಫಿ ತೋಟದ ಮನೆ. ಕಕ್ಕಡ ತಿಂಗಳ ಭಾನುವಾರ, ಬೆಳಗಿನಿಂದ ಬಿಡದ ಮಳೆ. ಮಧ್ಯಾಹ್ನ ಊಟಕ್ಕೆ ನೆಂಟರು ಬರುವವರಿದ್ದರು. ಕಡಂಬುಟ್ಟಿನ (ಅಕ್ಕಿ ತರಿಯ ಹಬೆಯುಂಡೆ) ಜೊತೆಗೆ ಪಂದಿ ಕರಿ ಮಾಡಲೆಂದು ಮೂರು ಕಿಲೋ ಹಂದಿ ಮಾಂಸ ತಂದಿದ್ದರು. ಕುಕ್ಕರ್ ಐದು ಲೀಟರಿನದು, ಅಲ್ಯೂಮಿನಿಯಂನದು, ಮುಚ್ಚಳವನ್ನು ಹೊರಗಿನಿಂದ ತಿರುಗಿಸಿ ಕೂರಿಸುವ ಬಗೆಯದು, ಏಳೆಂಟು ವರ್ಷ ಹಳೆಯದು. ತಿಂಗಳ ಹಿಂದಷ್ಟೇ ಅದರ ಗ್ಯಾಸ್ಕೆಟ್ ಬದಲಾಯಿಸಿದ್ದರು. ಹಾಕಿದ್ದು ಬೇರೆ ಕಂಪನಿಯದ್ದು, ಮೂಲದ್ದಕ್ಕಿಂತ ತುಸು ದಪ್ಪ.

ಈ ಮನೆ ಯಾರದೆಂದು ಹುಡುಕಬೇಕಾಗಿಲ್ಲ. ಅಡುಗೆಮನೆಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳನ್ನು ಒಂದು ಮಾದರಿ ಮನೆಯೊಳಗೆ, ಅವು ಒಂದರ ಬೆನ್ನಿಗೊಂದು ಬರುವ ಕ್ರಮದಲ್ಲೇ ಇಟ್ಟು ನೋಡಿದ್ದೇವೆ.

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸನ್ನು ಕುಕ್ಕರಿನಲ್ಲೇ ಬಾಡಿಸಿ, ಮಾಂಸ ಹಾಕಿ, ಹುರಿದು ತರಿತರಿಯಾಗಿ ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಕರಿಮೆಣಸಿನ ಮಸಾಲೆಯನ್ನೂ ಆಗಲೇ ಸೇರಿಸಿದರು. ಹಂದಿ ಮಾಂಸ ತಾನೇ ನೀರು ಬಿಡುತ್ತದೆ ಎಂದು ಅರ್ಧ ಲೋಟ ನೀರಷ್ಟೇ ಹಾಕಿದರು. ಎಲ್ಲ ಸೇರಿ ಪಾತ್ರೆ ಐದರಲ್ಲಿ ನಾಲ್ಕು ಪಾಲು ತುಂಬಿತು. ಮುಚ್ಚಳ ಹಾಕಿ, ವೇಯ್ಟನ್ನೂ ಅದೇ ಗಳಿಗೆಯಲ್ಲಿ ಕೂರಿಸಿ, ಗ್ಯಾಸ್ ಜೋರು ಮಾಡಿದರು.

ಎರಡು ಕೂಗು ಬಂತು. ಎರಡನೆಯದರ ಜೊತೆ ವೇಯ್ಟಿನ ಬುಡದಿಂದ ಕಂದು ಬಣ್ಣದ ನೊರೆ ಉಕ್ಕಿ ಮುಚ್ಚಳದ ಮೇಲೆ ಹರಿಯಿತು. ಬಟ್ಟೆಯಿಂದ ಒರೆಸಿದರು. ಮೂರನೆಯ ಕೂಗಿಗೆ ಮೊದಲೇ ಸಿಲಿಂಡರ್ ಖಾಲಿ. ಮಳೆಗೆ ರಸ್ತೆ ಕೆಟ್ಟು ಬದಲಿ ಸಿಲಿಂಡರ್ ಬಂದಿರಲಿಲ್ಲ. ಹಿಂದಿನ ಕೋಣೆಯ ಸೌದೆ ಒಲೆ ಹೇಗೂ ಉರಿಯುತ್ತಿತ್ತು. ಕುಕ್ಕರನ್ನು ಹಾಗೇ ಎತ್ತಿ ಅಲ್ಲಿಗೆ ಒಯ್ದು ಇಟ್ಟರು.

ಹತ್ತು ನಿಮಿಷ ಕಳೆಯಿತು. ಕೂಗಿಲ್ಲ, ಹಬೆಯಿಲ್ಲ.

"ಅತ್ತೆ, ಕುಕ್ಕರ್ ಕೂಗ್ಲೇ ಇಲ್ಲ."

"ಸೌದೆ ಒಲೆ ಅಲ್ವಾ ಮಗಾ, ತಡ ಆಗ್ತದೆ. ಇನ್ನೆರಡು ಸೌದೆ ದೂಡು."

ಸೊಸೆ ಸೌದೆ ದೂಡಿದರು. ಉರಿ ಪಾತ್ರೆಯ ಪಕ್ಕಕ್ಕೆಲ್ಲ ಹತ್ತಿತು. ಸಣ್ಣಗೆ ಸೀದ ವಾಸನೆ ಬರತೊಡಗಿತು. ವೇಯ್ಟ್ ಸಿಕ್ಕಿಕೊಂಡಿರಬಹುದೆಂದು ಅತ್ತೆ ಸೌಟಿನ ತುದಿಯಿಂದ ಅದನ್ನು ತಟ್ಟಿದರು. ಅದು ಕದಲಲಿಲ್ಲ. ಮತ್ತೊಮ್ಮೆ ತಟ್ಟಲು ಬಾಗಿದಾಗ ಸೇಫ್ಟಿ ವಾಲ್ವ್ ಬಾಯಿಬಿಟ್ಟಿತು. ಹಬೆ, ಕೊಬ್ಬು, ಮಸಾಲೆ ಒಟ್ಟಾಗಿ ಮಾಡಿನ ಹೆಂಚಿನವರೆಗೆ ಚಿಮ್ಮಿತು. ಅವರ ಬಲಗೈ ಮೊಣಕೈವರೆಗೆ, ಕುತ್ತಿಗೆಯ ಒಂದು ಪಕ್ಕ ಸುಟ್ಟಿತು. ಸದ್ದು ಕೇಳಿ ಓಡಿ ಬಂದ ಮಗ ಕುಕ್ಕರನ್ನು ಮುಟ್ಟಲಿಲ್ಲ. ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು, ಕೆಂಡದ ಮೇಲೆ ಬೂದಿ ಎಳೆದ. ಆ ದಿನ ಆ ಮನೆಯಲ್ಲಿ ಯಾರಾದರೂ ಮಾಡಿದ ಅತ್ಯಂತ ಸರಿಯಾದ ಕೆಲಸ ಅದು.

ಮುಚ್ಚಳ ತೆಗೆದಾಗ

ಒಂದು ಗಂಟೆ ಬಿಟ್ಟು, ಪಾತ್ರೆ ಪೂರ್ತಿ ತಣ್ಣಗಾದ ಮೇಲೆ ತೆರೆದರು. ತಳದಲ್ಲಿ ಮಸಾಲೆ ಕಪ್ಪಗೆ ಹೆಪ್ಪುಗಟ್ಟಿ ತಳ ಹಿಡಿದಿತ್ತು. ಮೇಲಿನ ಮಾಂಸ ಇನ್ನೂ ಅರೆಬೆಂದದ್ದು. ವೇಯ್ಟ್ ತನ್ನ ಜಾಗದಲ್ಲೇ ಇತ್ತು. ಅದನ್ನು ತೆಗೆದು ಮುಚ್ಚಳವನ್ನು ಬೆಳಕಿಗೆ ಹಿಡಿದರೆ ವೆಂಟ್ ಟ್ಯೂಬಿನೊಳಗಿಂದ, ಅಂದರೆ ವೇಯ್ಟ್ ಕೂರುವ, ಹಬೆ ಹೊರಬರುವ ಸಣ್ಣ ಕೊಳವೆಯೊಳಗಿಂದ, ಬೆಳಕು ಕಾಣಲಿಲ್ಲ. ತೆಂಗಿನ ಗರಿಯ ಕಡ್ಡಿ ತೂರಿಸಿದಾಗ ಕೊತ್ತಂಬರಿ ಹೊಟ್ಟು, ಬೆಂದ ಈರುಳ್ಳಿಯ ಪೊರೆ ಎಲ್ಲ ಕೊಬ್ಬಿನಲ್ಲಿ ಕಲಸಿ ಬಿರಡೆಯ ಹಾಗೆ ಹೊರಗೆ ಬಂತು. ಟ್ಯೂಬಿನ ಒಳಗೋಡೆಗೆ ಹಳೆಯ ಬೇಳೆ ಕಟ್ಟು ಒಣಗಿ ಅಂಟಿತ್ತು. ಮೂರು ಮಿಲಿಮೀಟರ್ ಅಗಲದ ರಂಧ್ರ ಆ ದಿನಕ್ಕೆ ಮೊದಲೇ ಎರಡು ಮಿಲಿಮೀಟರಿಗೆ ಇಳಿದಿತ್ತು ಎನ್ನಬಹುದು.

ಸೇಫ್ಟಿ ವಾಲ್ವ್ ಮೂಲದ್ದೇ ಆಗಿತ್ತು. ಈ ಪ್ರಕರಣ ಸುಟ್ಟ ಗಾಯಕ್ಕೆ ನಿಂತದ್ದು ಅದರಿಂದ.

ಗ್ಯಾಸ್ಕೆಟ್ ಹೊಸದು, ವೆಂಟ್ ಹಳೆಯ ಕೊಳೆಯದು ಎಂಬ ಜೋಡಿಯನ್ನು ಗಮನಿಸಿ. ಗ್ಯಾಸ್ಕೆಟ್ ಸವೆದರೆ ಪ್ರತಿದಿನ ಕಾಟ: ಅಂಚಿನಿಂದ ನೀರು ಸೋರುತ್ತದೆ, ಕೂಗು ಬರುವುದಿಲ್ಲ, ಅನ್ನ ಬೇಯುವುದಿಲ್ಲ. ಆದ್ದರಿಂದ ಅದನ್ನು ಯಾರಾದರೂ ಬದಲಾಯಿಸುತ್ತಾರೆ. ವೆಂಟ್ ಅರ್ಧ ಮುಚ್ಚಿದ್ದರೆ ಯಾವ ಕಾಟವೂ ಇಲ್ಲ, ಕುಕ್ಕರ್ ಎಂದಿನಂತೆ ಕೂಗುತ್ತಲೇ ಇರುತ್ತದೆ. ಹಳೆಯ ಗ್ಯಾಸ್ಕೆಟ್ ಇದ್ದಿದ್ದರೆ ವೆಂಟ್ ಮುಚ್ಚಿದಾಗ ಹಬೆ ಅಂಚಿನಿಂದ ಹೇಗೋ ನುಸುಳುತ್ತಿತ್ತು. ಹೊಸದು ಬಿಗಿಯಾಗಿ ಕೂತು ಆ ದಾರಿಯನ್ನೂ ಮುಚ್ಚಿತು. ಇನ್ನೂ ಒಂದು ಮಾತು. ಹೊರಮುಚ್ಚಳದ ಹಲವು ಕುಕ್ಕರುಗಳಲ್ಲಿ ಮುಚ್ಚಳದ ಅಂಚಿನಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಅದು ಅಲಂಕಾರಕ್ಕಲ್ಲ. ಒತ್ತಡ ಮೀರಿದಾಗ ಗ್ಯಾಸ್ಕೆಟ್ ಆ ಕಿಂಡಿಯಲ್ಲಿ ಹೊರಗುಬ್ಬಿ ಹಬೆ ಬಿಡಬೇಕು. ಅಳತೆಗೆ ಮೀರಿ ದಪ್ಪ ಇರುವ, ಗಟ್ಟಿ ರಬ್ಬರಿನ ಗ್ಯಾಸ್ಕೆಟ್ ಅಲ್ಲಿ ಸುಲಭವಾಗಿ ಉಬ್ಬುವುದಿಲ್ಲ. ಕಂಪನಿಯದ್ದೇ ಗ್ಯಾಸ್ಕೆಟ್ ಹಾಕಿ ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಒಳಗೆ ಏನಾಗುತ್ತಿತ್ತು

ನಮ್ಮ ಮನೆಗಳ ಕುಕ್ಕರ್ ಕೆಲಸ ಮಾಡುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡದಲ್ಲಿ. ಹೊರಗಿನ ಗಾಳಿಯ ಒತ್ತಡದ ಮೇಲೆ ಇದು ಹೆಚ್ಚುವರಿ. ಸಮುದ್ರಮಟ್ಟದಲ್ಲಿ ಆಗ ನೀರು 120 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದೇ 96 ಡಿಗ್ರಿಗೆ, ಕುಕ್ಕರಿನೊಳಗೆ 118ರ ಆಸುಪಾಸಿಗೆ. ಮಂಗಳೂರಿನ ನೆಂಟರು ಹೇಳಿದ ಸಮಯಕ್ಕೆ ಇಲ್ಲಿ ಕಡಲೆ, ಮಾಂಸ ಬೇಯದೆ ಉಳಿಯುವುದು ಇದಕ್ಕೇ. ಎರಡು ಸಾವಿರ ಅಡಿ ದಾಟಿದ ಮೇಲೆ ಪ್ರತಿ ಸಾವಿರ ಅಡಿಗೆ ಬೇಯಿಸುವ ಸಮಯವನ್ನು ಶೇಕಡಾ 5ರಷ್ಟು ಹೆಚ್ಚಿಸಬೇಕೆಂಬುದು ರೂಢಿಯ ಲೆಕ್ಕ. ಮಡಿಕೇರಿಗೆ ಅದು ಶೇಕಡಾ 10ರ ಹತ್ತಿರ ಬರುತ್ತದೆ. ಹದಿನೈದು ನಿಮಿಷದ ಅಡುಗೆಗೆ ಒಂದೂವರೆ ನಿಮಿಷ ಹೆಚ್ಚು, ಅಷ್ಟೇ. ಎತ್ತರದ ಊರು ಎಂದು ಉರಿ ಹೆಚ್ಚಿಸುವುದು, ವೇಯ್ಟಿನ ಮೇಲೆ ಏನಾದರೂ ಭಾರ ಇಡುವುದು ಇದಕ್ಕೆ ಪರಿಹಾರವಲ್ಲ.

ಒತ್ತಡವನ್ನು ಆ ಒಂದು ಕಿಲೋದಲ್ಲಿ ಹಿಡಿದಿಡುವುದು ವೇಯ್ಟ್. ಅದರ ಲೆಕ್ಕ ಬಹಳ ಸರಳ. ಮೂರು ಮಿಲಿಮೀಟರ್ ರಂಧ್ರದ ವಿಸ್ತೀರ್ಣಕ್ಕೆ ಒಂದು ಕಿಲೋ ಒತ್ತಡ ಬೀಳುವಾಗ ಅದು ಎತ್ತಬಲ್ಲ ಭಾರ ಸುಮಾರು 70 ಗ್ರಾಂ. ರಂಧ್ರ ನಾಲ್ಕು ಮಿಲಿಮೀಟರ್ ಆದರೆ ಸುಮಾರು 125 ಗ್ರಾಂ. ಈ ಎರಡನೆಯ ವೇಯ್ಟನ್ನು ಮೊದಲನೆಯ ಕುಕ್ಕರಿಗೆ ಹಾಕಿದರೆ ಅದು ಮೇಲೇಳುವಷ್ಟರಲ್ಲಿ ಒಳಗಿನ ಒತ್ತಡ ಒಂದೂಮುಕ್ಕಾಲು ಕಿಲೋ ಆಗಿರುತ್ತದೆ. ಸಂತೆಯಲ್ಲಿ ಸಿಕ್ಕ ವೇಯ್ಟ್ 'ಕೂತಿತು' ಎಂದು ಕೊಳ್ಳಬಾರದು. ಇದೇನೂ ಹೊಸ ಉಪಾಯವಲ್ಲ: 1679ರಲ್ಲಿ ಡೆನಿಸ್ ಪಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ತೋರಿಸಿದ ಮೊದಲ ಒತ್ತಡದ ಅಡುಗೆ ಪಾತ್ರೆಗೂ ಭಾರ ಹೇರಿದ ವಾಲ್ವೇ ಕಾವಲಿಗಿತ್ತು.

ಈಗ ವೆಂಟ್ ಮುಚ್ಚಿದೆ ಎಂದುಕೊಳ್ಳಿ. ವೇಯ್ಟಿಗೆ ಒಳಗಿನ ಸುದ್ದಿಯೇ ಮುಟ್ಟುವುದಿಲ್ಲ. ಉರಿ ಮಾತ್ರ ಕೆಳಗೆ ಉರಿಯುತ್ತಲೇ ಇದೆ. 120 ಡಿಗ್ರಿಯಲ್ಲಿ ಒಂದು ಕಿಲೋ ಇದ್ದ ಹೆಚ್ಚುವರಿ ಒತ್ತಡ 134 ಡಿಗ್ರಿಗೆ ಎರಡು ಕಿಲೋ ದಾಟುತ್ತದೆ, 144ಕ್ಕೆ ಮೂರು. ಮೊದಲ ಹೆಚ್ಚಳಕ್ಕೆ ಹದಿನಾಲ್ಕು ಡಿಗ್ರಿ ಬೇಕು, ಮುಂದಿನದಕ್ಕೆ ಹತ್ತೇ. ನಾಲ್ಕು ಲೀಟರ್ ತುಂಬಿದ ಕುಕ್ಕರಿಗೆ ಜೋರಾದ ಸೌದೆ ಉರಿಯಲ್ಲಿ ಮೊದಲ ಹದಿನಾಲ್ಕು ಡಿಗ್ರಿ ಏರಲು ಎರಡು ಮೂರು ನಿಮಿಷ ಸಾಕಾದೀತು. 'ಇನ್ನೆರಡು ಸೌದೆ' ಬಿದ್ದದ್ದು ಈ ಹೊತ್ತಿನಲ್ಲಿ.

ಸೇಫ್ಟಿ ವಾಲ್ವ್ ಎಂದರೆ ಮುಚ್ಚಳದ ಮೇಲಿನ ಗುಂಡಿಯಂಥ ಸಣ್ಣ ಭಾಗ. ಅದರ ನಡುವೆ ಕಡಿಮೆ ಉಷ್ಣತೆಗೆ ಕರಗುವ ಮಿಶ್ರಲೋಹ ತುಂಬಿರುತ್ತದೆ. ಒಳಗಿನ ಹಬೆ ಮಾಮೂಲಿಗಿಂತ ತೀರ ಬಿಸಿಯಾದಾಗ ಆ ಲೋಹ ಕರಗಿ ರಂಧ್ರ ತೆರೆಯುತ್ತದೆ. ಕುಕ್ಕರ್ 'ಒಡೆಯಿತು' ಎಂದು ಆ ಮನೆಯವರು ಅಕ್ಕಪಕ್ಕದಲ್ಲಿ ಹೇಳಿದರು. ಅದು ಒಡೆಯಲಿಲ್ಲ, ಒಡೆಯುವುದನ್ನು ತಪ್ಪಿಸಿಕೊಂಡಿತು. ಈ ಭಾಗ ಒಮ್ಮೆ ಕರಗಿದ ಮೇಲೆ ಅಲ್ಲಿಗೆ ಬೋಲ್ಟ್ ಬಿಗಿಯುವುದು, ಎಂ-ಸೀಲ್ ಮೆತ್ತುವುದು, ಬೆಸುಗೆ ಹಾಕಿಸುವುದು ಉಂಟು. ಹಾಗೆ ಮಾಡಿದ ಕುಕ್ಕರಿನಲ್ಲಿ ಮುಂದಿನ ಸಲ ವೆಂಟ್ ಮುಚ್ಚಿದರೆ ಹೊರಹೋಗಲು ಉಳಿಯುವುದು ಮುಚ್ಚಳವೇ. ಇಪ್ಪತ್ತು ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಮಾಮೂಲಿ ಒತ್ತಡದಲ್ಲೇ 300 ಕಿಲೋಗೂ ಹೆಚ್ಚು ಬಲ ಬೀಳುತ್ತಿರುತ್ತದೆ; ಮೂರು ಪಟ್ಟಾದರೆ ಹಿಡಿಯ ಹಲ್ಲುಗಳು ಎಷ್ಟು ತಡೆದಾವು?

ಕೈ ತಪ್ಪಿದ್ದು ಎಲ್ಲೆಲ್ಲಿ

ಮೊದಲನೆಯದು ತುಂಬಿದ ಪ್ರಮಾಣ. ಐದು ಲೀಟರಿನ ಕುಕ್ಕರಿಗೆ ಮಾಂಸ, ತರಕಾರಿ, ನೀರು ಎಲ್ಲ ಸೇರಿ ಮೂರನೇ ಎರಡು ಪಾಲು, ಅಂದರೆ ಸುಮಾರು ಮೂರೂಕಾಲು ಲೀಟರ್ ಗರಿಷ್ಠ. ಉಕ್ಕುವ, ನೊರೆ ಬರುವ, ಹಿಗ್ಗುವ ಪದಾರ್ಥವಾದರೆ ಅರ್ಧ ಮಾತ್ರ: ಬೇಳೆ, ಹುರುಳಿ, ಕಡಲೆ, ಗಂಜಿ ಎಲ್ಲ ಈ ಪಟ್ಟಿಯವು. ಇಲ್ಲಿ ನಾಲ್ಕು ಲೀಟರ್ ತುಂಬಿದ್ದರಿಂದ ಕುದಿಯುವ ಮಸಾಲೆಗೂ ವೆಂಟಿನ ಒಳಬಾಯಿಗೂ ನಡುವೆ ಜಾಗವೇ ಉಳಿದಿರಲಿಲ್ಲ. ವೆಂಟಿಗೆ ಹಬೆ ಹೋಗಬೇಕಾದಲ್ಲಿ ನೊರೆ ಹೋಯಿತು, ನೊರೆಯ ಜೊತೆ ಹೊಟ್ಟೂ ಹೋಯಿತು.

ಎರಡನೆಯದು ನೀರು. ಹಂದಿ ಮಾಂಸ ನೀರು ಬಿಡುವುದು ನಿಜ. ಆದರೆ ಅದು ಬಿಡುವುದು ಬಿಸಿಯೇರಿದ ಮೇಲೆ, ಮೆಲ್ಲಗೆ. ತಳದ ಪುಡಿ ಮಸಾಲೆಗೆ ಅಲ್ಲಿಯವರೆಗೆ ಕಾಯುವ ವ್ಯವಧಾನವಿಲ್ಲ, ನೀರು ಹೀರಿಕೊಂಡು ದಪ್ಪಗಾಗಿ ತಳಕ್ಕೆ ಅಂಟುತ್ತದೆ. ಅಂಟಿದ ಪದರದ ಕೆಳಗೆ ಪಾತ್ರೆ ಒಣಗಿ ಕಾಯುತ್ತದೆ, ಮೇಲೆ ಮಾಂಸ ಹಸಿಯಾಗಿಯೇ ಇರುತ್ತದೆ. ಸೀದ ವಾಸನೆ ಬಂತೆಂದರೆ ಈ ಸ್ಥಿತಿ ತಲುಪಿದೆ ಎಂದೇ ತಿಳಿಯಬೇಕು.

ಮೂರನೆಯದಾಗಿ ಕಂದು ನೊರೆಯ ಸಂಗತಿಗೆ ಬರೋಣ. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಅದೇ ಆಗಿತ್ತು. ವೇಯ್ಟಿನ ಕೆಳಗಿಂದ ಬರಬೇಕಾದ್ದು ಬಿಳಿ ಹಬೆ, ಹೆಚ್ಚೆಂದರೆ ಒಂದೆರಡು ಹನಿ ನೀರು. ಬೇಳೆಯ ಕಟ್ಟು, ಅನ್ನದ ಗಂಜಿ, ಮಸಾಲೆ ಯಾವುದೇ ಬಂದರೂ ವೆಂಟಿನೊಳಗೆ ಆಹಾರ ಹೊಕ್ಕಿದೆ ಎಂದರ್ಥ. ಆಗ ಒರೆಸಿ ಮುಂದುವರಿಯುವುದಲ್ಲ. ಉರಿ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಟ್ಟು, ತೆರೆದು, ಒಂದಷ್ಟು ಪದಾರ್ಥ ಹೊರತೆಗೆದು, ವೆಂಟ್ ತೊಳೆದು ಮತ್ತೆ ಇಡಬೇಕು. ಇಪ್ಪತ್ತು ನಿಮಿಷ ಹೋಗುತ್ತದೆ. ನೆಂಟರು ಬರುವ ಹೊತ್ತಿಗೆ ಅದು ಕಷ್ಟವೆಂದು ನಮಗೂ ಗೊತ್ತು, ಆದರೂ ಬೇರೆ ದಾರಿಯಿಲ್ಲ.

ನಾಲ್ಕನೆಯದು ಸ್ಥಳಾಂತರ. ಒತ್ತಡ ತುಂಬಿದ ಕುಕ್ಕರನ್ನು ಎತ್ತಿ ನಡೆದಾಗ ಒಳಗಿನದು ಅಲುಗಾಡಿ ಮುಚ್ಚಳದ ಒಳಮೈಗೆ ರಾಚುತ್ತದೆ. ಅರ್ಧ ಕಟ್ಟಿದ್ದ ವೆಂಟ್ ಪೂರ್ತಿ ಕಟ್ಟಿದ್ದು ಬಹುತೇಕ ಇಲ್ಲೇ.

ಸೌದೆ ಒಲೆಯ ವಿಚಾರ ಬಿಡಿಸಿ ಹೇಳಬೇಕು, ಏಕೆಂದರೆ ಕೊಡಗಿನಲ್ಲಿ ಮಳೆಗಾಲದ ಮೂರು ತಿಂಗಳು ಅದು ಬೇಕೇ ಬೇಕು. ಕುಕ್ಕರಿನ ಅಡುಗೆಯಲ್ಲಿ ಮೊದಲ ಕೂಗಿನ ಮೇಲೆ ಉರಿ ಸಣ್ಣದಾಗಬೇಕು, ಅಪಾಯ ಕಂಡರೆ ಒಂದೇ ಕ್ಷಣದಲ್ಲಿ ಆರಬೇಕು. ಗ್ಯಾಸಿನಲ್ಲಿ ಅದು ನಾಬ್ ತಿರುಗಿಸುವ ಕೆಲಸ. ಸೌದೆಯಲ್ಲಿ ಕೊಳ್ಳಿ ಎಳೆದ ಮೇಲೂ ಕೆಂಡ ಬಹಳ ಹೊತ್ತು ಕಾಯಿಸುತ್ತಲೇ ಇರುತ್ತದೆ. ಉರಿ ಪಕ್ಕಕ್ಕೆ ಹತ್ತಿ ಹಿಡಿಯ ಬೇಕಲೈಟ್ (ಕಾವು ತಡೆಯುವ ಗಟ್ಟಿ ಪ್ಲಾಸ್ಟಿಕ್) ಸೀಳುತ್ತದೆ, ಹಿಡಿಯ ಸ್ಕ್ರೂ ಸಡಿಲವಾಗುತ್ತದೆ, ಗ್ಯಾಸ್ಕೆಟ್ ಹೊರಗಿನಿಂದ ಕಾಯುತ್ತದೆ. ಸೌದೆ ಒಲೆಗೆ ಕುಕ್ಕರ್ ಇಡಬೇಡಿ ಎನ್ನುವುದೇ ನಮ್ಮ ಖಚಿತ ಅಭಿಪ್ರಾಯ. ಸಿಲಿಂಡರ್ ಮುಗಿದರೆ ಕುಕ್ಕರ್ ತಣಿಯಲು ಬಿಡಿ, ಮಾಂಸವನ್ನು ದಪ್ಪ ತಳದ ಪಾತ್ರೆಗೆ ಸುರಿದು, ಎರಡು ಲೋಟ ಬಿಸಿನೀರು ಸೇರಿಸಿ ಸೌದೆ ಒಲೆಯ ಮೇಲೆ ತಟ್ಟೆ ಮುಚ್ಚಿ ಬೇಯಿಸಿ. ಮುಕ್ಕಾಲರಿಂದ ಒಂದು ಗಂಟೆಯಲ್ಲಿ ಆಗುತ್ತದೆ, ಪಂದಿ ಕರಿಯ ರುಚಿಗೂ ಅದೇ ಮೇಲು.

ವೇಯ್ಟನ್ನು ತಟ್ಟಿದ್ದರಿಂದ ಕಟ್ಟಿಕೊಂಡದ್ದು ಬಿಡಲಿಲ್ಲ, ಬಿಡುವ ಸಾಧ್ಯತೆಯೂ ಇರಲಿಲ್ಲ, ಏಕೆಂದರೆ ಕಟ್ಟಿದ್ದು ಟ್ಯೂಬಿನ ಒಳಬಾಯಿ. ಆದದ್ದು ಒಂದೇ: ಕೈ, ಕುತ್ತಿಗೆ ಮುಚ್ಚಳದ ಮೇಲೆ ಬಂದವು.

ಕೂಗು ಬರದಿದ್ದಾಗ ನೋಡಬೇಕಾದ್ದು

ಕುಕ್ಕರ್ ಕೂಗದಿರುವುದಕ್ಕೆ ಎರಡು ಬಗೆಯ ಕಾರಣ. ಹಬೆ ಬೇರೆಲ್ಲೋ ಹೋಗುತ್ತಿದೆ, ಅಥವಾ ಹಬೆಗೆ ಹೋಗಲು ದಾರಿಯೇ ಇಲ್ಲ. ಮೊದಲನೆಯದು ಕಿರಿಕಿರಿ, ಎರಡನೆಯದು ಅಪಾಯ. ದೂರದಿಂದಲೇ ಇವೆರಡನ್ನು ಬೇರೆ ಮಾಡಬಹುದು. ಅಂಚಿನಿಂದ ಬುಸುಗುಡುವ ಹಬೆ, ಹಿಡಿಯ ಬುಡದಲ್ಲಿ ನೀರ ಹನಿ ಕಂಡರೆ ಗ್ಯಾಸ್ಕೆಟ್ ಸವೆದಿದೆ ಅಥವಾ ಮುಚ್ಚಳ ಸರಿಯಾಗಿ ಕೂತಿಲ್ಲ. ವೇಯ್ಟಿನ ಸುತ್ತ ಸಣ್ಣಗೆ ಹಬೆ ಸೋರುತ್ತಲೇ ಇದ್ದು ಅದು ಎದ್ದು ಕೂಗದಿದ್ದರೆ ವೇಯ್ಟ್ ಓರೆ ಕೂತಿದೆ ಅಥವಾ ಉರಿ ಸಾಲದು. ಇವೆರಡರಲ್ಲೂ ಒತ್ತಡ ಮೀರುವುದಿಲ್ಲ. ಆರಿಸಿ, ತಣಿಸಿ, ಸರಿಮಾಡಿದರೆ ಮುಗಿಯಿತು.

ಎಲ್ಲಿಯೂ ಹಬೆಯಿಲ್ಲ, ಸದ್ದಿಲ್ಲ, ಆದರೆ ಒಲೆ ಜೋರಾಗಿದೆ ಎಂದಾಗ ನಿಂತು ಯೋಚಿಸಿ. ಪಾತ್ರೆ ತುಂಬ ತಣ್ಣೀರಿದ್ದು ಈಗಷ್ಟೇ ಇಟ್ಟಿದ್ದರೆ ಇನ್ನೂ ಕುದಿ ಬಂದಿಲ್ಲದಿರಬಹುದು. ಒಮ್ಮೆ ಕೂಗಿದ್ದ ಕುಕ್ಕರ್ ಆಮೇಲೆ ಸುಮ್ಮನಾದರೆ, ಅಥವಾ ಸೀದ ವಾಸನೆ ಬಂದರೆ, ವೆಂಟ್ ಕಟ್ಟಿದೆ ಇಲ್ಲವೇ ನೀರು ಬತ್ತಿದೆ. ಎರಡಕ್ಕೂ ಮಾಡುವುದು ಒಂದೇ. ಒಲೆ ಆರಿಸಿ. ಸೌದೆಯಾದರೆ ಇಕ್ಕಳದಿಂದ ಕೊಳ್ಳಿಗಳನ್ನು ಎಳೆದು ಕೆಂಡದ ಮೇಲೆ ಬೂದಿ ಎಳೆಯಿರಿ. ಕೆಂಡಕ್ಕೆ ನೀರು ಎರಚಿದರೆ ಬಿಸಿ ಬೂದಿ ಮುಖಕ್ಕೆ ಹಾರುತ್ತದೆ. ಕುಕ್ಕರನ್ನು ಎತ್ತಬೇಡಿ, ತಟ್ಟಬೇಡಿ, ಮೇಲೆ ಬಾಗಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಬನ್ನಿ.

ಇಲ್ಲಿ ಬಹಳ ಮಂದಿ ಮೋಸಹೋಗುವ ಒಂದು ಪರೀಕ್ಷೆ ಇದೆ. ಮಾಮೂಲಿ ದಿನಗಳಲ್ಲಿ ವೇಯ್ಟನ್ನು ತುಸು ಎತ್ತಿ, ಬುಸ್ ಎನ್ನದಿದ್ದರೆ ಒತ್ತಡ ಇಳಿದಿದೆ ಎಂದು ತೆರೆಯುತ್ತೇವೆ. ವೆಂಟ್ ಕಟ್ಟಿರುವ ಕುಕ್ಕರಿನಲ್ಲಿ ಒಳಗೆ ಎರಡು ಕಿಲೋ ಒತ್ತಡ ಇದ್ದರೂ ಬುಸ್ ಎನ್ನುವುದಿಲ್ಲ. ಹಾಗಾಗಿ ಕೂಗದೆ ನಿಂತ ಕುಕ್ಕರಿಗೆ ಈ ಪರೀಕ್ಷೆ ನಡೆಯದು. ಪಾತ್ರೆಯ ಪಕ್ಕಕ್ಕೆ ಅಂಗೈ ಇಟ್ಟರೆ ತಣ್ಣಗಿರಬೇಕು, ಅದಕ್ಕೆ ಕನಿಷ್ಠ ಒಂದು ಗಂಟೆ. ಆಮೇಲೂ ಹಿಡಿ ಸಲೀಸಾಗಿ ತಿರುಗದಿದ್ದರೆ ಬಲ ಹಾಕಬಾರದು. ಚದರ ಸೆಂಟಿಮೀಟರಿಗೆ ಬರೀ ನೂರು ಗ್ರಾಂ ಒತ್ತಡ ಉಳಿದಿದ್ದರೂ ಮುಚ್ಚಳವನ್ನು ಮೂವತ್ತು ಕಿಲೋ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ.

ಹೊರಮುಚ್ಚಳದ ಕುಕ್ಕರನ್ನು ಅವಸರದಲ್ಲಿ ತಿರುಗಿಸಿ ತೆಗೆದರೆ ಏನಾಗುತ್ತದೆ? 118 ಡಿಗ್ರಿಯ ನೀರು ಒಮ್ಮೆಲೇ 96 ಡಿಗ್ರಿಗೆ ಇಳಿಯಬೇಕು. ಆ ಹೆಚ್ಚಿನ ಶಾಖದಿಂದ ಪ್ರತಿ ಲೀಟರಿನಲ್ಲಿ ಸುಮಾರು 40 ಗ್ರಾಂ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಹಬೆಯಾಗುತ್ತದೆ. ಅದು ಮಡಿಕೇರಿಯ ಗಾಳಿಯಲ್ಲಿ 75 ಲೀಟರ್ ಜಾಗ ಬೇಡುತ್ತದೆ, ಬರುವಾಗ ಸಾರನ್ನೂ ಎತ್ತಿಕೊಂಡೇ ಬರುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಒತ್ತಡ ಇರುವವರೆಗೆ ಮುಚ್ಚಳ ಅಂಚಿಗೆ ಒಳಗಿನಿಂದಲೇ ಒತ್ತಿಕೊಂಡಿರುವುದರಿಂದ ಈ ತಪ್ಪು ಮಾಡುವುದು ಕಷ್ಟ. ವಯಸ್ಸಾದವರು, ಅಡುಗೆ ಕಲಿಯುವ ಮಕ್ಕಳು ಇರುವ ಮನೆಗೆ ನಾವು ಅದನ್ನೇ ಹೇಳುತ್ತೇವೆ. ವೆಂಟ್ ತೊಳೆಯುವ ಕೆಲಸ ಮಾತ್ರ ಎರಡಕ್ಕೂ ಸಮ.

ಸುಟ್ಟ ಗಾಯಕ್ಕೆ

ಆ ಮನೆಯಲ್ಲಿ ಮೊದಲು ಓಡಿ ತಂದದ್ದು ಟೂತ್‌ಪೇಸ್ಟ್. ಅದನ್ನು ಹಚ್ಚುವ ಮೊದಲೇ ಯಾರೋ ತಡೆದು ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದ್ದು ಒಳ್ಳೆಯದಾಯಿತು. ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡು. ಹಂದಿ ಕೊಬ್ಬು ಬರೀ ನೀರಿನ ಹಾಗೆ ಹರಿದುಹೋಗುವುದಿಲ್ಲ, ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಆದ್ದರಿಂದ ಎರಡು ನಿಮಿಷ ಹಿಡಿದು ಬಿಟ್ಟರೆ ಸಾಲದು. ಬಳೆ, ಉಂಗುರಗಳನ್ನು ಕೈ ಊದಿಕೊಳ್ಳುವ ಮೊದಲೇ ತೆಗೆಯಬೇಕು. ಅಂಟಿದ ಬಟ್ಟೆಯನ್ನು ಕೀಳಬಾರದು. ಐಸ್, ಅರಿಸಿನ, ಬೆಣ್ಣೆ, ಶಾಯಿ ಯಾವುದೂ ಬೇಡ, ಗುಳ್ಳೆ ಒಡೆಯುವುದೂ ಬೇಡ. ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಹೊರಡಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕಣ್ಣು, ಕುತ್ತಿಗೆ, ಕೈ, ಕೀಲುಗಳ ಮೇಲಿದ್ದರೆ ಮನೆಮದ್ದಿನ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ. ಮಳೆಯಲ್ಲಿ ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅದೇ ಪಂದಿ ಕರಿ, ಸರಿಯಾದ ಕ್ರಮದಲ್ಲಿ

ಐದು ಲೀಟರಿನ ಕುಕ್ಕರಿಗೆ ಒಂದು ಸಲಕ್ಕೆ ಒಂದೂವರೆ ಕಿಲೋ ಮಾಂಸ. ಮೂರು ಕಿಲೋ ಇದ್ದರೆ ಎರಡು ಸಲ. ತುಂಡುಗಳು ಮೂರು ಸೆಂಟಿಮೀಟರಿನ ಆಸುಪಾಸು, ಎಲ್ಲ ಒಂದೇ ಅಳತೆ. ಮುಚ್ಚಳ ಹಾಕುವ ಮೊದಲು ವೆಂಟ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಆ ಕಡೆಯ ಬೆಳಕು ದುಂಡಗೆ ಕಾಣಬೇಕು. ಅಂಚು ಮಸುಕಾಗಿದ್ದರೆ ಕಡ್ಡಿ ತೂರಿಸಿ, ನೀರು ಬಿಟ್ಟು ತೊಳೆಯಿರಿ. ಇದಕ್ಕೆ ಹತ್ತು ಸೆಕೆಂಡು ಸಾಕು, ದಿನವೂ ಮಾಡಬೇಕು.

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಅರಿಸಿನ, ಉಪ್ಪು, ಮಾಂಸ, ಇವಿಷ್ಟಕ್ಕೆ ಒಂದೂವರೆ ಕಪ್, ಅಂದರೆ 350 ಮಿಲಿಲೀಟರಿನಷ್ಟು ನೀರು. ತಳವನ್ನು ಸೌಟಿನಿಂದ ಕೆರೆದು ಏನೂ ಅಂಟಿಲ್ಲವೆಂದು ನೋಡಿಕೊಳ್ಳಿ. ಹುರಿದ ಮಸಾಲೆ ಪುಡಿ ಈಗ ಬೇಡ. ಮುಚ್ಚಳ ಹಾಕಿ, ವೇಯ್ಟ್ ಇಡದೆ ಕಾಯಿರಿ. ವೆಂಟಿನಿಂದ ಹಬೆ ನೇರವಾಗಿ, ತಡೆಯಿಲ್ಲದೆ ಒಂದೇ ಸಮನೆ ಬರತೊಡಗಿದಾಗ ವೇಯ್ಟ್ ಕೂರಿಸಿ. ಒಳಗಿನ ಗಾಳಿ ಹೊರಹೋಗುವುದು ಒಂದು ಲಾಭ. ವೆಂಟ್ ತೆರೆದಿದೆ ಎಂಬುದು ಕಣ್ಣಾರೆ ಖಾತ್ರಿಯಾಗುವುದು ಅದಕ್ಕಿಂತ ದೊಡ್ಡದು. ವೇಯ್ಟನ್ನು ಮೊದಲೇ ಕೂರಿಸುವ ಮನೆಗಳಲ್ಲಿ ಈ ಪರೀಕ್ಷೆ ತಪ್ಪಿಹೋಗುತ್ತದೆ.

ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಹದಿನೇಳು ನಿಮಿಷ. ಎಷ್ಟು ಕೂಗು ಎಂದು ಎಣಿಸುವುದು ಅಷ್ಟು ನಂಬುವಂಥದ್ದಲ್ಲ; ಜೋರು ಉರಿಯಲ್ಲಿ ಐದು ನಿಮಿಷಕ್ಕೆ ಆರು ಕೂಗು ಬರಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷಕ್ಕೆ ಮೂರು. ಪ್ರತಿ ಕೂಗಿಗೂ ನೀರು ಹಬೆಯಾಗಿ ಹೋಗುತ್ತಿದೆ ಎಂಬುದೂ ನೆನಪಿರಲಿ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಕೊಬ್ಬು ತುಂಬಿದ ಅಡುಗೆಗೆ ವೇಯ್ಟ್ ಎತ್ತಿ ಹಬೆ ಬಿಡುವುದು, ಮುಚ್ಚಳಕ್ಕೆ ತಣ್ಣೀರು ಹೊಯ್ಯುವುದು ಬೇಡ. ಒಳಗೆ ಒಮ್ಮೆಲೇ ಕುದಿ ಎದ್ದು ಕೊಬ್ಬು ವೆಂಟಿಗೆ ಏರುತ್ತದೆ.

ತೆರೆದ ಮೇಲೆ ಮಸಾಲೆ ಪುಡಿ ಸೇರಿಸಿ, ತೆರೆದ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ. ಕಾಚಂಪುಳಿ (ಕೊಡಗಿನ ದಟ್ಟ ಹುಳಿರಸ) ಎಲ್ಲಕ್ಕಿಂತ ಕೊನೆಗೆ, ಕಿಲೋ ಮಾಂಸಕ್ಕೆ ಒಂದರಿಂದ ಎರಡು ದೊಡ್ಡ ಚಮಚ, ಅದೂ ಅಲ್ಯೂಮಿನಿಯಂ ಅಲ್ಲದ ಪಾತ್ರೆಯಲ್ಲಿ. ಅದರ ಹುಳಿ ಬಹಳ ತೀಕ್ಷ್ಣ. ಅಲ್ಯೂಮಿನಿಯಂ ಕುಕ್ಕರಿನಲ್ಲಿ ಹಾಕಿ ರಾತ್ರಿಯೆಲ್ಲ ಬಿಟ್ಟರೆ ಒಳಮೈ ಕಪ್ಪಾಗಿ ಸಣ್ಣ ಸಣ್ಣ ಗುಳಿ ಬೀಳುತ್ತದೆ.

ತೊಳೆಯುವಾಗ ಗ್ಯಾಸ್ಕೆಟ್ ಬಿಚ್ಚಿ ಸೋಪಿನಲ್ಲಿ ತೊಳೆದು, ಒರೆಸಿ, ಮುಚ್ಚಳದಿಂದ ಬೇರೆಯಾಗಿ ನೆರಳಿನಲ್ಲಿ ತೂಗುಹಾಕಿ. ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸಿದರೆ ಹೊಗೆ ಮತ್ತು ಕಾವಿಗೆ ರಬ್ಬರ್ ಗಟ್ಟಿಯಾಗುತ್ತದೆ. ದಿನವೂ ಬಳಸುವ ಕುಕ್ಕರಿನದ್ದನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ಬಾಗಿಸಿದಾಗ ಬಿರುಕು ಕಂಡರೆ ಅದಕ್ಕೂ ಮೊದಲೇ. ಫ್ರೀಜರಿನಲ್ಲಿಟ್ಟು ಬಿಗಿಮಾಡುವ ಉಪಾಯ ಒಂದೆರಡು ದಿನ ನಡೆಯುತ್ತದೆ, ಸವೆದ ರಬ್ಬರ್ ಹೊಸದಾಗುವುದಿಲ್ಲ.

ಆ ಕುಕ್ಕರನ್ನು ಮತ್ತೆ ಬಳಸಬಹುದೇ

ಮನೆಯವರ ಕೊನೆಯ ಪ್ರಶ್ನೆ ಇದಾಗಿತ್ತು. ಸೇಫ್ಟಿ ವಾಲ್ವ್ ಬದಲಾಯಿಸಿದರೆ ಸಾಕಲ್ಲವೇ? ವೆಂಟ್ ಮಾತ್ರ ಕಟ್ಟಿ ವಾಲ್ವ್ ಹೋಗಿದ್ದರೆ, ಪಾತ್ರೆಗೆ ಬೇರೇನೂ ಆಗಿರದಿದ್ದರೆ, ಅದೇ ಕಂಪನಿಯ ವಾಲ್ವ್ ಹಾಕಿಸಿ, ಮೂಲ ಗ್ಯಾಸ್ಕೆಟ್ ಹಾಕಿ, ಮೊದಲು ಬರೀ ನೀರಿಟ್ಟು ನೋಡಿ ಬಳಸಬಹುದಿತ್ತು. ಇಲ್ಲಿ ಸಮತಟ್ಟಾದ ಕಲ್ಲಿನ ಮೇಲೆ ಇಟ್ಟಾಗ ಕುಕ್ಕರ್ ತಿರುಗಿತು, ಅಂದರೆ ಒಣಗಿ ಕಾದ ತಳ ಹೊರಗುಬ್ಬಿದೆ. ಮುಚ್ಚಳ ಕೂರಿಸಿದಾಗ ಹಿಡಿಗಳು ಒಂದರ ಮೇಲೊಂದು ನೇರವಾಗಿ ಬರಲಿಲ್ಲ. ಉರಿ ತಗಲಿದ ಕಡೆ ಹಿಡಿಯ ಬೇಕಲೈಟ್ ಸೀಳಿತ್ತು. ಮೂರರಲ್ಲಿ ಒಂದು ಕಂಡರೂ ಒತ್ತಡದ ಅಡುಗೆಗೆ ಅದು ಬೇಡ. ವೇಯ್ಟ್, ಗ್ಯಾಸ್ಕೆಟ್ ತೆಗೆದಿಟ್ಟು ಬರೀ ಪಾತ್ರೆಯಾಗಿ ಬಳಸಬಹುದು ಎಂದರು ಮನೆಯವರು. ಹಾಗಿಟ್ಟದ್ದಕ್ಕೆ ಯಾರೋ ಒಂದು ದಿನ ಮುಚ್ಚಳ ಹಾಕಿಬಿಡುತ್ತಾರೆ. ಮುಚ್ಚಳವನ್ನು ಗುಜರಿಗೆ ಹಾಕಿಸಿದೆವು.

ಹೊಸದು ಕೊಳ್ಳುವಾಗ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 2347 ಎಂಬ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ನೋಡಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಕುಕ್ಕರಿಗೆ ಈ ಗುರುತು ಕಡ್ಡಾಯ. ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಕೊಳ್ಳುವಾಗಲೇ ಅದೇ ಕಂಪನಿಯ ಒಂದು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹೆಚ್ಚುವರಿ ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದ ವಾರದಲ್ಲೇ ಅವು ಬೇಕಾಗುತ್ತವೆ. ಎಂಟು ಹತ್ತು ಜನರ ಅಡುಗೆ ಆಗಾಗ ಇರುವ ಮನೆಯಾದರೆ ಐದು ಲೀಟರಿನದನ್ನು ಬಿಟ್ಟು ಎಂಟು ಅಥವಾ ಹತ್ತು ಲೀಟರಿನದನ್ನೇ ಆರಿಸಿ.